ಮಾವನ ಕೊರಡು ಮತ್ತು ಆರು ಟನ್ನಿನ ಬೆಣೆ

ಕುರ್ಕಿವಾರ ಎಂಬ ಆ ಉತ್ತರದ ಹಳ್ಳಿಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಕೇಳುವುದು ಅಲ್ಲಿ ಮರ್ಯಾದೆಯಲ್ಲ. ನಿಮ್ಮ ಕೊಟ್ಟಿಗೆಗೆ ಬೆಂಕಿ ಬಿದ್ದರೆ ನೆರೆಯವನು ಬಕೆಟ್ ಹಿಡಿದು ಓಡಿ ಬರುತ್ತಾನೆ, ಬೆಂಕಿ ಆರಿಸುತ್ತಾನೆ, ಕೊಟ್ಟ ಕಾಫಿ ಕುಡಿಯುತ್ತಾನೆ, ಟೋಪಿ ಹಾಕಿಕೊಂಡು ಹೊರಡುತ್ತಾನೆ. ಬೆಂಕಿ ಹೇಗೆ ಬಿತ್ತು ಎಂದು ಬಾಯಿ ತಪ್ಪಿಯೂ ಕೇಳುವುದಿಲ್ಲ. ಅದನ್ನು ದಾರಿಯಲ್ಲಿ ತಾನೇ ಊಹಿಸಿಕೊಳ್ಳುತ್ತಾನೆ. ಮನೆ ಮುಟ್ಟುವಷ್ಟರಲ್ಲಿ ಊಹೆ ಹಣ್ಣಾಗಿ ನಿಜವಾಗಿರುತ್ತದೆ. ಆಮೇಲೆ ನಾಲ್ಕು ಜನಕ್ಕೆ ಹೇಳುತ್ತಾನೆ. ಹೇಳುವುದಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ.

ಇಷ್ಟು ತಿಳಿದಿದ್ದರೆ ಆ ವರ್ಷ ಮೇ ತಿಂಗಳಲ್ಲಿ ತೌನೊನ ಅಂಗಳದಲ್ಲಿ ನಡೆದದ್ದು ಅರ್ಥವಾಗುತ್ತದೆ. ಸರೋವರದ ಮಂಜಿನ ಹೆಪ್ಪು ತಡವಾಗಿ ಒಡೆದ ವರ್ಷ ಅದು. ದಕ್ಷಿಣದಿಂದ ಬಂದ ಕೊಕ್ಕರೆಗಳು ಇಳಿಯಲು ನೀರಿಲ್ಲದೆ ಹೆಪ್ಪಿನ ಮೇಲೆ ಒಂಟಿಕಾಲಲ್ಲಿ ನಿಂತು ಒಂದನ್ನೊಂದು ಬಯ್ದುಕೊಳ್ಳುತ್ತಿದ್ದವು.

ತೌನೊ ಮೂವತ್ತು ವರ್ಷ ಹಾಲಿನ ಲಾರಿ ಓಡಿಸಿ ನಿವೃತ್ತನಾದವನು. ದಡ್ಡನೇನಲ್ಲ. ಆದರೆ ಎಂಥ ಕೆಲಸವಾದರೂ ಅವನ ಕೈಗೆ ಬಂದರೆ ಹಿಂದುಮುಂದಾಗುತ್ತಿತ್ತು. ದೋಣಿಗೆ ಬಣ್ಣ ಬಳಿದು, ಅದು ಒಣಗುವ ಮೊದಲೇ ಒಳಗೆ ಕೂತು, ಬಣ್ಣ ಚೆನ್ನಾಗಿ ಹಿಡಿದಿದೆಯೇ ಎಂದು ನೋಡಿದ ಮಹಾಶಯ ಅವನು. ಚೆನ್ನಾಗಿಯೇ ಹಿಡಿದಿತ್ತು. ಹೆಂಡತಿ ಲೆಂಪಿ ಇದಕ್ಕೆಲ್ಲ ಹೊಂದಿಕೊಂಡಿದ್ದಳು. ಹೊಂದಿಕೊಳ್ಳದವರು ಅವಳ ಅಪ್ಪ, ಆಬ್ರಾಮಿ ಅಜ್ಜ.

ಅಜ್ಜನಿಗೆ ಎಂಬತ್ತೊಂಬತ್ತು. ಅದೇ ಅಂಗಳದ ಚಿಕ್ಕ ಮನೆಯಲ್ಲಿ ವಾಸ. ಸುತ್ತಿನ ಏಳು ಹಳ್ಳಿಗಳಲ್ಲಿ ಕೈಗರಗಸದಲ್ಲಿ ಕಾಡು ಕಡಿದ ಕೊನೆಯ ಗಂಡಸು ಎಂದು ಅವರಿಗೆ ಹೆಸರು. ಪ್ರತಿ ವಸಂತದಲ್ಲೂ ತೌನೊ ಕೊಡಲಿ ಹಿಡಿದು ಸೌದೆ ಸೀಳಲು ನಿಂತರೆ ಅಜ್ಜ ಮೆಟ್ಟಿಲ ಮೇಲೆ ಕೂತು ಏಟು ಎಣಿಸುತ್ತಿದ್ದರು.

"ಮೂರು... ನಾಲ್ಕು... ಐದು. ಸಾಕು ಬಿಡಪ್ಪ, ಮರ ಸತ್ತಿದೆ."

ಮೂವತ್ನಾಲ್ಕು ವರ್ಷದಲ್ಲಿ ಅವರು ಅಳಿಯನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಊಟದ ಮೇಜಿನಲ್ಲಿ ತೌನೊ ಎದುರಿಗೇ ಕೂತಿದ್ದರೂ, "ಲೆಂಪಿ, ನಿನ್ನ ಗಂಡನಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ" ಎನ್ನುತ್ತಿದ್ದರು. ತೌನೊ ತಳ್ಳುತ್ತಿದ್ದ.

ಹೀಗಿರುವಾಗ ಏಪ್ರಿಲ್‌ನಲ್ಲಿ ಅಜ್ಜನ ಸೊಂಟ ಹಿಡಿದುಕೊಂಡು, ಮೂರು ವಾರ ಪಟ್ಟಣದ ಆಸ್ಪತ್ರೆಯಲ್ಲಿದ್ದು ವ್ಯಾಯಾಮ ಮಾಡಬೇಕೆಂದು ವೈದ್ಯರು ಹೇಳಿದರು. ಟ್ಯಾಕ್ಸಿ ಹತ್ತುವಾಗ ಅಜ್ಜ ಸೌದೆ ಮನೆಯ ಬೀಗದ ಕೈಯನ್ನು ಅಳಿಯನ ಅಂಗೈಗೆ ಹಾಕಿ, "ನೋಡ್ಕೊ, ತೌನೊ" ಎಂದರು.

ತೌನೊ! ಟ್ಯಾಕ್ಸಿ ಸೇತುವೆ ದಾಟಿ ಮರೆಯಾದ ಮೇಲೂ ಅವನು ಅಂಗಳದಲ್ಲೇ ನಿಂತಿದ್ದ. "ಕೇಳಿದ್ಯಾ?" ಎಂದು ಹೆಂಡತಿಯನ್ನು ಕೇಳಿದ. "ಕೇಳಿದೆ. ಒಳಗೆ ಬಾ, ಥಂಡಿ" ಎಂದಳು ಲೆಂಪಿ. ಅಂದು ಅವನು ಆಲೂಗಡ್ಡೆ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡ.

ಆ ಹುಮ್ಮಸ್ಸಿನಲ್ಲಿ ಒಂದು ತೀರ್ಮಾನವಾಯಿತು. ಅಜ್ಜ ಬರುವುದು ಮೂರನೆಯ ವಾರದ ಶುಕ್ರವಾರ. ಮರುದಿನ ಶನಿವಾರ ಅವರ ತೊಂಬತ್ತನೆಯ ಹುಟ್ಟುಹಬ್ಬ. ಅಷ್ಟರೊಳಗೆ ಇಡೀ ವರ್ಷದ ಸೌದೆ ಸೀಳಿ, ದಾರ ಹಿಡಿದಷ್ಟು ನೆಟ್ಟಗೆ ಒಟ್ಟಿರಬೇಕು. ಆದರೆ ತೌನೊನ ಕೊಡಲಿಯ ವೇಗದಲ್ಲಿ ಅದು ಮುಗಿಯುವುದು ಕ್ರಿಸ್ಮಸ್‌ಗೆ. ಆದ್ದರಿಂದ ಅವನು ಪಟ್ಟಣಕ್ಕೆ ಹೋಗಿ ಸೌದೆ ಸೀಳುವ ಯಂತ್ರವೊಂದನ್ನು ಕೊಂಡು ತಂದ.

ಕೆಂಪು ಬಣ್ಣದ ಯಂತ್ರ. ಎದೆಯೆತ್ತರದ ಕಂಬ, ಕಂಬದಿಂದ ಇಳಿಯುವ ಉಕ್ಕಿನ ಬೆಣೆ, ಕೆಳಗೆ ಕೊರಡು ನಿಲ್ಲಿಸುವ ಹಲಗೆ. ಕರೆಂಟು ಕೊಟ್ಟರೆ ಆರು ಟನ್ನಿನ ಭಾರದಲ್ಲಿ ಬೆಣೆ ಇಳಿಯುತ್ತದೆ ಎಂದು ಅಂಗಡಿಯವನು ಹೇಳಿದ್ದ. ಬೆರಳು ಹೋಗಬಾರದೆಂದು ಅದಕ್ಕೆ ಎರಡು ಹಿಡಿ ಇಟ್ಟಿದ್ದರು. ಎರಡು ಕೈಯೂ ಎರಡು ಹಿಡಿಯ ಮೇಲಿದ್ದರೇ ಬೆಣೆ ಅಲುಗುವುದು. ಒಂದು ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತಿತ್ತು.

ಮೊದಲ ಕೊರಡು ನಿಲ್ಲಿಸಿ ತೌನೊ ಹಿಡಿ ಒತ್ತಿದ. ಗುಂಯ್ ಎಂದಿತು. ಬೆಣೆ ಇಳಿಯಿತು. ವರ್ಷವರ್ಷವೂ ಅವನ ಮಾನ ತೆಗೆಯುತ್ತಿದ್ದ ಗಂಟುಗಂಟಿನ ಬರ್ಚ್ ಮರದ ಕೊರಡು ಸಣ್ಣಗೆ ನರಳಿ, ಚಟ್ಟೆಂದು ಎರಡಾಗಿ ಬಿತ್ತು.

"ಒಂದು" ಎಂದ ತೌನೊ, ಖಾಲಿ ಮೆಟ್ಟಿಲ ಕಡೆ ನೋಡಿ.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ರಾತ್ರಿ ಹತ್ತಾದರೂ ಹೊತ್ತು ಮುಳುಗದ ಕಾಲ ಬೇರೆ. ಕಾಫಿಗೆ ಕರೆದರೆ ಬರಲಿಲ್ಲ. ಹಿಡಿ ಬಿಟ್ಟರೆ ಯಂತ್ರ ನಿಲ್ಲುತ್ತದಲ್ಲ! ಲೆಂಪಿಯೇ ಬಂದು ಅವನ ಬಾಯಿಗೆ ಏಲಕ್ಕಿ ಬನ್ನು ತುರುಕಿ ಹೋಗುತ್ತಿದ್ದಳು. ಹೊರಗಿನ ಕೊರಡು ಮುಗಿದವು. ಸೌದೆ ಮನೆಯೊಳಗಿನವು ಮುಗಿದವು. ಸೌನಾ ಎಂಬ ಹಬೆಸ್ನಾನದ ಮನೆಯ ಹೊರಕೋಣೆಯಲ್ಲಿ ಕೂರಲು ಇಟ್ಟಿದ್ದ ಎರಡು ಬೊಡ್ಡೆ ಮುಗಿದವು. ಕಡೆಗೆ ಯಾವ ಬೊಡ್ಡೆಯ ಮೇಲಿಟ್ಟು ಅಜ್ಜನ ಕಾಲದಿಂದ ಸೌದೆ ಸೀಳುತ್ತಿದ್ದರೋ ಆ ಬೊಡ್ಡೆಯನ್ನೂ ಹಲಗೆಗೇರಿಸಿ ಸೀಳಿದ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಒಟ್ಟಿಲು ಸೌದೆ ಅಂಗಳದ ಉದ್ದಕ್ಕೂ ಗೋಡೆಯಂತೆ ನಿಂತಿತ್ತು.

ಆಗ ಫೋನು ಬಂತು.

"ಎಲ್ಲಾ ಸರಿಯಿದೆಯಾ?" ಆಸ್ಪತ್ರೆಯಿಂದ ಅಜ್ಜನ ದನಿ.

"ಸರಿಯಿದೆ ಮಾವ."

"ಕೊರಡು?"

"ಯಾವ..." ಎಂದ ತೌನೊನ ಬಾಯಲ್ಲಿ ಬನ್ನು ಹಾಗೇ ನಿಂತಿತು.

ಆ ಕೊರಡಿನ ವಿಷಯ ಹೇಳಬೇಕು. ನಲವತ್ತು ವರ್ಷಕ್ಕೂ ಹಿಂದೆ ಅಜ್ಜ ಕಾಡಿನಲ್ಲಿ ಒಂದು ಸುರುಳಿ ಬರ್ಚ್ ಮರ ಕಂಡು ಕಡಿದಿದ್ದರು. ಸಾವಿರ ಮರಕ್ಕೊಂದು ಸಿಗುವ ಮರ ಅದು. ಹೊರಗೆ ಗಂಟುಗಂಟಾಗಿ ಕುರೂಪಿ. ಸೀಳಿದರೆ ಒಳಗೆ ಬೆಣ್ಣೆ ಬಣ್ಣದ ಮೇಲೆ ಕಂದು ಸುರುಳಿಗಳು, ಉರಿಯುವ ಬೆಂಕಿ ಹಾಗೇ ಹೆಪ್ಪುಗಟ್ಟಿದಂತೆ. ಅದನ್ನು ಗಾಡಿ ಲೆಕ್ಕದಲ್ಲಿ ಮಾರುವುದಿಲ್ಲ, ತಕ್ಕಡಿಯಲ್ಲಿ ತೂಗಿ ಮಾರುತ್ತಾರೆ. ಅಜ್ಜ ಅದರ ಮೊಳದುದ್ದದ ಒಂದು ಕೊರಡನ್ನು ಗೋಣಿಚೀಲದಲ್ಲಿ ಸುತ್ತಿ ಸೌದೆ ಮನೆಯ ಮೂಲೆಯಲ್ಲಿಟ್ಟಿದ್ದರು. ಮೊಮ್ಮಕ್ಕಳಿಗೆ ಅದರಿಂದ ಚಾಕುವಿನ ಹಿಡಿ ಮಾಡಿಸಿಕೊಡುವೆನೆಂದು ಮಾತು ಕೊಟ್ಟಿದ್ದರು. ಅಜ್ಜನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಕೊಯ್ಯುವುದೆಂದಾಗಿತ್ತು. ಆಗ "ಇನ್ನೂ ಹಸಿ" ಎಂದರು. ಎಂಬತ್ತಕ್ಕೂ ಹಸಿ. ಎಂಬತ್ತೈದಕ್ಕೂ ಹಸಿ. ಈ ಸಲ ಅಜ್ಜ ಆಸ್ಪತ್ರೆಯಲ್ಲಿದ್ದಾಗ ಲೆಂಪಿ ಧೈರ್ಯ ಮಾಡಿ ಊರಿಗೆಲ್ಲ ಹೇಳಿಬಿಟ್ಟಿದ್ದಳು. ಶನಿವಾರ ಬಡಗಿ ತಾವೆತ್ತಿ ಎಲ್ಲರೆದುರು ಕೊರಡು ಕೊಯ್ಯುತ್ತಾನೆ, ಕಾಫಿ ಉಂಟು, ಎಲ್ಲರೂ ಬನ್ನಿ, ಎಂದು.

"ಅದು ಇನ್ನೂ ಹಸಿ ಇರಬೇಕು ನೋಡು" ಎನ್ನುತ್ತಿದ್ದರು ಅಜ್ಜ ಫೋನಿನಲ್ಲಿ. "ಮುಟ್ಟಿ ನೋಡು. ಹಸಿ ಅನ್ನಿಸಿದ್ರೆ ತಾವೆತ್ತಿಗೆ ಹೇಳು, ಗರಗಸ ತರೋದು ಬೇಡ, ಇನ್ನೈದು ವರ್ಷ ಹೋಗ್ಲಿ ಅಂತ."

"ಮಾವ, ನಲವತ್ತು ವರ್ಷ ಒಣಗಿದೆ..."

"ಮರದ ವಿಷಯ ನಿನಗೇನಪ್ಪ ಗೊತ್ತು? ಮುಟ್ಟಿ ನೋಡು, ತೌನೊ."

ತೌನೊ ಓಡಿದ. ಸೌದೆ ಮನೆಯ ಮೂಲೆ ಗುಡಿಸಿದ ಹಾಗಿತ್ತು.

"ಲೆಂಪಿ! ಮೂಲೆಯಲ್ಲಿದ್ದ ಗೋಣಿಚೀಲ?"

"ಆಲೂಗಡ್ಡೆಗೆ ಬೇಕಿತ್ತು, ತಗೊಂಡೆ."

"ಒಳಗಿದ್ದದ್ದು?"

"ಅಲ್ಲೇ ಇಟ್ಟೆನಲ್ಲ, ಬೇರೆ ಕೊರಡಿನ ಜತೆ..." ಎಂದ ಲೆಂಪಿ ಒಂಬತ್ತು ಒಟ್ಟಿಲಿನ ಕಡೆ ತಿರುಗಿದಳು. ಗಂಡನ ಕಡೆ ನೋಡಿದಳು. ಹಿಟ್ಟಿನ ಕೈಯನ್ನು ಬಾಯಿಗೆ ಇಟ್ಟುಕೊಂಡಳು.

"ಶುಕ್ರವಾರ ಬರ್ತಾರೆ" ಎಂದ ತೌನೊ. "ಅವರು ನನ್ನನ್ನ ಎರಡು ಸಲ ಹೆಸರು ಹಿಡಿದು ಕರೆದ್ರು ಲೆಂಪಿ. ಮೂವತ್ನಾಲ್ಕು ವರ್ಷಕ್ಕೆ ಎರಡು ಸಲ. ಇನ್ನು ನಾನು ಸತ್ತರೂ ಕಲ್ಲಿನ ಮೇಲೆ 'ಲೆಂಪಿಯ ಗಂಡ' ಅಂತಲೇ ಕೆತ್ತಿಸ್ತಾರೆ."

ಉಳಿದ ದಾರಿ ಒಂದೇ. ಸುರುಳಿ ಇರುವ ಸೀಳುಗಳನ್ನು ಹುಡುಕಿ ತೆಗೆಯಬೇಕು. ಸೀಳಿದ್ದಾದರೇನು, ಚಾಕುವಿನ ಹಿಡಿಗೆ ಸಾಕು. ಸೀಳು ನಾಲ್ಕು ಸಾವಿರವೋ ಐದು ಸಾವಿರವೋ, ಎಣಿಸಿದವರಿಲ್ಲ. ಗುರುವಾರ ಬೆಳಿಗ್ಗೆ ತೌನೊ ತೀರಿಹೋದ ಅತ್ತೆಯ ಭೂತಗನ್ನಡಿ ಹಿಡಿದು ಮೊದಲ ಒಟ್ಟಿಲನ್ನು ಕೆಡವಿ, ಒಂದೊಂದೇ ಸೀಳನ್ನು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ, ನಿಟ್ಟುಸಿರಿಟ್ಟು ಪಕ್ಕಕ್ಕೆ ಇಡತೊಡಗಿದ.

ಎದುರು ಮನೆಯಲ್ಲಿ ವಿಧವೆ ಸೈಮಿಯ ಹತ್ತಿರ ಒಂದು ದುರ್ಬೀನು ಇತ್ತು. ಹಕ್ಕಿ ನೋಡುವುದಕ್ಕೆ. ಆ ವಸಂತದಲ್ಲಿ ಹಕ್ಕಿಗಳೆಲ್ಲ ತೌನೊನ ಅಂಗಳದ ಕಡೆಗೇ ಹಾರುತ್ತಿದ್ದವೆಂದು ಕಾಣುತ್ತದೆ. ಕಟ್ಟಿದ ಒಟ್ಟಿಲನ್ನು ಒಬ್ಬ ಗಂಡಸು ಕೆಡವಿ ಭೂತಗನ್ನಡಿಯಲ್ಲಿ ನೋಡುವುದನ್ನು ಕಂಡು ಆಕೆ ದುರ್ಬೀನು ಕೆಳಗಿಟ್ಟಳು. ಕೇಳುವಂತಿಲ್ಲ. ಕೈಗವಸು ಹಾಕಿಕೊಂಡು, ಒಂದು ಕಡಾಯಿ ಬಟಾಣಿ ಸಾರು ಹೊತ್ತು ಬಂದಳು. ಅಡುಗೆಮನೆಯಲ್ಲಿ ಲೆಂಪಿ ಅಳುಮೋರೆ ಮಾಡಿಕೊಂಡು ಹಿಟ್ಟು ನಾದುತ್ತಿದ್ದಳು. ನಾದುವವರು ಉಂಗುರ ತೆಗೆದಿಡುವುದು ಲೋಕರೂಢಿ. ಸೈಮಿ ಆ ಬರಿ ಬೆರಳು ನೋಡಿದಳು. ಊಹೆಗೆ ಅಷ್ಟು ಸಾಕಾಯಿತು, ಮದುವೆಯ ಉಂಗುರ ಸೌದೆಯಲ್ಲಿ ಬಿದ್ದುಹೋಗಿದೆ!

"ಅವನ ಮೇಲೆ ಕೂಗಾಡಬೇಡ ಕಣೇ" ಎಂದಳು ಮೆಲ್ಲಗೆ.

"ತಪ್ಪು ನಂದೂ ಇದೆ ಸೈಮಿ" ಎಂದು ಲೆಂಪಿ ಕಣ್ಣೊರೆಸಿಕೊಂಡಳು. "ನಾನು ತೆಗೆದು ಅಲ್ಲಿ ಇಡಬಾರದಿತ್ತು."

"ಸಿಗುತ್ತೆ ಬಿಡು. ನನ್ನ ಚಿಕ್ಕಮ್ಮನದ್ದು ಹಂದಿಯ ಹೊಟ್ಟೇಲಿ ಸಿಕ್ಕಿತ್ತು."

ಲೆಂಪಿಗೆ ಇದು ಅರ್ಥವಾಗಲಿಲ್ಲ. ಆದರೆ ಕೇಳಲಿಲ್ಲ.

ಸೈಮಿ ಹೋಗಿ ತೌನೊನ ಎದುರು ಬಗ್ಗಿ ನಿಂತು ಸೀಳುಗಳ ಸಂದುಗೊಂದಿನಲ್ಲಿ ಹುಡುಕತೊಡಗಿದಳು. ಬರುವ ಮುಂಚೆ ಮೂರು ಮನೆಗೆ ಫೋನು ಮಾಡಿದ್ದಳು. ಹತ್ತು ಗಂಟೆಗೆ ಆರು ಜನ, ಹನ್ನೊಂದಕ್ಕೆ ಹದಿನಾಲ್ಕು ಜನ. ಒಬ್ಬ ಕೆಲಸ ಮಾಡುತ್ತಿದ್ದರೆ ನಾಲ್ವರು ಕೈಗೂಡಿಸುವುದು ಆ ಸೀಮೆಯ ಪದ್ಧತಿ. ಕೂಲಿ ಇಲ್ಲ, ಕಾಫಿ ಉಂಟು. ತೌನೊ ಯಾರನ್ನೂ ಬೇಡವೆನ್ನಲಾರ, ಯಾರಿಗೂ ಏನೂ ಹೇಳಲಾರ. ಹೇಳಿದರೆ ಸಂಜೆಯೊಳಗೆ ಸುದ್ದಿ ಆಸ್ಪತ್ರೆ ಮುಟ್ಟುತ್ತದೆ.

ಹನ್ನೆರಡಕ್ಕೆ ಬಡಗಿ ತಾವೆತ್ತಿ ಬಂದ. ಹೆಗಲ ಮೇಲೆ ಕೊಡಲಿ. ಎಪ್ಪತ್ತಾರು ವರ್ಷದ ಗಟ್ಟಿ ಆಳು. ಆ ಕೊರಡಿನ ಹೊಟ್ಟೆ ನೋಡಬೇಕೆಂದು ಇಪ್ಪತ್ತು ವರ್ಷದಿಂದ ಕಾದಿದ್ದವನು. ಅವನನ್ನು ಕಂಡದ್ದೇ ತೌನೊ ಬಾಯಿ ಬಿಗಿದುಕೊಂಡ.

"ಏನಯ್ಯ ಇದು ಗಾಣ?" ತಾವೆತ್ತಿ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಬಂದ. "ಸೌದೆ ಸೀಳೋದಾ, ಮೊಸರು ಕಡೆಯೋದಾ?"

"ಹ್ಞೂಂ" ಎಂದ ತೌನೊ ಬಾಯಿ ತೆರೆಯದೆ.

"ಗಂಡಸು ಸೌದೆಯಿಂದ ಎರಡು ಸಲ ಬೆವರಬೇಕು, ಸೀಳೋವಾಗ ಒಂದು ಸಲ, ಸೌನಾದಲ್ಲಿ ಒಂದು ಸಲ. ನೀನು ಅರ್ಧ ಬೆವರನ್ನ ಕರೆಂಟಿಗೆ ಮಾರಿಕೊಂಡೆ."

"ಹ್ಞೂಂ."

ಬಾಯಿ ಬಿಡದ ತೌನೊನನ್ನು ತಾವೆತ್ತಿ ವಾರೆಗಣ್ಣಿನಿಂದ ನೋಡಿದ. ಹೋದ ಕ್ರಿಸ್ಮಸ್‌ಗೆ ತೌನೊ ಹೊಸ ಕಟ್ಟುಹಲ್ಲು ಹಾಕಿಸಿಕೊಂಡದ್ದು ಊರಿಗೇ ಗೊತ್ತು. ಓಹೋ! ಯಂತ್ರ ಅದುರಿ ಹಲ್ಲು ಸೌದೆಯಲ್ಲಿ ಬಿದ್ದುಹೋಗಿದೆ! ಪಾಪ, ನಾಚಿಕೆಯ ವಿಷಯ. ತಾವೆತ್ತಿ ಗಂಭೀರವಾಗಿ ಕೊಡಲಿ ಕೆಳಗಿಟ್ಟು, ಸೈಮಿಯ ಪಕ್ಕ ಹೋಗಿ ಮಂಡಿಯೂರಿದ.

"ಗುಲಾಬಿ ಬಣ್ಣದ್ದಿರಬೇಕು" ಎಂದ ಪಿಸುಮಾತಿನಲ್ಲಿ.

"ಗುಲಾಬಿಯಾ? ಚಿನ್ನದ್ದು!"

"ಪೂರ್ತಿ ಚಿನ್ನದ್ದಾ? ಹಾಲಿನ ಲಾರಿಯವನಿಗೆ?"

"ಮೂವತ್ನಾಲ್ಕು ವರ್ಷದಿಂದ ತೆಗೆದಿರಲಿಲ್ಲವಂತೆ. ಹಿಟ್ಟು ನಾದೋವಾಗ ಮಾತ್ರ ತೆಗೀತಿದ್ದಳಂತೆ."

"ಅವಳು ತೆಗೀತಿದ್ದಳಾ?" ತಾವೆತ್ತಿ ಬಹಳ ಹೊತ್ತು ಯೋಚಿಸಿದ. ಗಂಡಹೆಂಡಿರ ನಡುವಿನ ವಿಷಯ ಎಂದುಕೊಂಡು ಮತ್ತೆ ಸೀಳು ಕೆದಕತೊಡಗಿದ.

ಒಂದು ಗಂಟೆಗೆ ಪೊಲೀಸು ಬಂತು.

ಕಾನ್‌ಸ್ಟೆಬಲ್ ರೌತಿಯೊ ಹೊಸಬ, ಉತ್ಸಾಹಿ. ತೌನೊ ಸೀಳುಗಳನ್ನು ಮೊಟ್ಟೆಯಂತೆ ಮೆಲ್ಲಗೆ ಎತ್ತಿಡುತ್ತಿದ್ದಾನೆ, ಬೆವರುತ್ತಿದ್ದಾನೆ, ಮಾತಾಡುತ್ತಿಲ್ಲ ಎಂದು ಯಾರೋ ಠಾಣೆಗೆ ಹೇಳಿದ್ದರು. ಗಡಿಯ ಹತ್ತಿರದ ಆ ಕಾಡುಗಳಲ್ಲಿ ಯುದ್ಧಕಾಲದ ಗುಂಡಿನ ಚೂರುಗಳು ಮರದೊಳಗೇ ಹುದುಗಿಕೊಂಡಿರುತ್ತವೆ. ಹಲಗೆ ಕೊಯ್ಯುವ ಗಿರಣಿಗಳ ಗರಗಸ ಅದಕ್ಕೆ ಸಿಕ್ಕಿ ಮುರಿದದ್ದುಂಟು. ಇನ್ನು ಇಡೀ ಗುಂಡೇ ಇದ್ದರೆ? ರೌತಿಯೊ ಅಂಗಳದ ಸುತ್ತ ಹಳದಿ ಪಟ್ಟಿ ಕಟ್ಟಿದ. ಕಟ್ಟುವಾಗ ಒಳಗಿದ್ದವರನ್ನು ಹೊರಗೆ ಕಳಿಸುವುದು ಮರೆತದ್ದರಿಂದ ಎಲ್ಲರೂ ಒಳಗೇ ಉಳಿದರು. ಕಾರಿನಿಂದ ಕಬ್ಬಿಣ ಪತ್ತೆ ಹಚ್ಚುವ ಉದ್ದನೆಯ ಕೋಲು ತೆಗೆದ.

"ಯಾರೂ ಅಲ್ಲಾಡಬೇಡಿ!"

ಯಾರೂ ಅಲ್ಲಾಡಲಿಲ್ಲ. ಅಲ್ಲಾಡದೆ ನಿಲ್ಲುವುದರಲ್ಲಿ ಕುರ್ಕಿವಾರದವರನ್ನು ಮೀರಿಸುವವರಿಲ್ಲ. ಕೋಲು ಒಟ್ಟಿಲಿನ ಮೇಲೆ ಹರಿದಾಡಿತು, ಏನೂ ಇಲ್ಲ. ಎರಡನೆಯದರ ಮೇಲೆ, ಏನೂ ಇಲ್ಲ. ತಾವೆತ್ತಿಯ ಹತ್ತಿರ ಬಂದದ್ದೇ ಕೀ ಎಂದು ಕಿರುಚಿತು. ರೌತಿಯೊನ ಮುಖ ಬಿಳುಚಿತು.

"ಪಕ್ಕಕ್ಕೆ ಸರಿಯಿರಿ, ನಿಮ್ಮ ಹಿಂದೆ ಇದೆ!"

ತಾವೆತ್ತಿ ಸರಿದ. ಕಿರುಚಾಟವೂ ಅವನ ಜತೆ ಸರಿಯಿತು. ಮುಂದೆ ಬಂದ, ಅದೂ ಮುಂದೆ ಬಂತು.

"ಅದು ನನ್ನ ತೊಡೆಯಲ್ಲಿದೆ ಕಣಪ್ಪ" ಎಂದ ತಾವೆತ್ತಿ. "ಗುಂಡಿನ ಚೂರು. ಯುದ್ಧದಿಂದ."

"ತೊಡೆಯಲ್ಲಾ?" ಎಂದಳು ಸೈಮಿ. "ಅಷ್ಟು ವರ್ಷದಿಂದಾ? ಒಂದು ದಿನ ಹೇಳಬಾರದಾ?"

"ಯಾರಾದರೂ ಕೇಳಿದ್ದರೆ ಹೇಳ್ತಿದ್ದೆ."

ಹದಿನೆಂಟು ಜನ ತಲೆ ತಗ್ಗಿಸಿದರು. ಕಾನ್‌ಸ್ಟೆಬಲ್ಲು ಪುಸ್ತಕ ತೆಗೆದು ಬರೆದುಕೊಂಡ. ಕಬ್ಬಿಣ, ಒಂದು ಚೂರು, ಸಿಕ್ಕ ಸ್ಥಳ ತಾವೆತ್ತಿ. ಬರೆದಾದ ಮೇಲೆ ಅವನಿಗೂ ಕಾಫಿ ಕೊಟ್ಟರು. ಕುಡಿದು, ತೋಳು ಮಡಚಿ, ಅವನೂ ಹುಡುಕಲು ಕೂತ.

ಮೂರು ಗಂಟೆಯ ಹೊತ್ತಿಗೆ ಒಂಬತ್ತು ಒಟ್ಟಿಲೂ ಕೆಡವಿಯಾಗಿತ್ತು. ಒಂದೊಂದು ಸೀಳೂ ನಾಲ್ಕು ಕೈ ದಾಟಿತ್ತು. ಉಂಗುರ ಸಿಗಲಿಲ್ಲ, ಹಲ್ಲು ಸಿಗಲಿಲ್ಲ, ಗುಂಡು ಸಿಗಲಿಲ್ಲ, ಸುರುಳಿಯೂ ಸಿಗಲಿಲ್ಲ. ತೌನೊ ಕೊನೆಯ ಸೀಳನ್ನು ಹಿಡಿದು ನಿಂತಿದ್ದ. ಬೆಣ್ಣೆ ಬಣ್ಣದ, ನೆಟ್ಟನೆಯ, ಬೋಳು ಬರ್ಚ್. ಅಷ್ಟರಲ್ಲಿ ಸೇತುವೆಯ ಮೇಲೆ ಟ್ಯಾಕ್ಸಿ ಕಂಡಿತು.

ಅಜ್ಜ ಒಂದು ದಿನ ಮುಂಚೆಯೇ ಬಂದಿದ್ದರು. ಎರಡು ಊರುಗೋಲಿನ ಮೇಲೆ ಇಳಿದು, ಹಳದಿ ಪಟ್ಟಿಯನ್ನು ಒಂದು ಕೋಲಿನಿಂದ ಎತ್ತಿ, ಕೆಳಗೆ ನುಸುಳಿ ಒಳಗೆ ಬಂದರು. ನೆಲದ ತುಂಬ ಸೌದೆ, ಸೌದೆಯ ನಡುವೆ ಊರು, ಊರಿನ ನಡುವೆ ಪೊಲೀಸು. ಅಜ್ಜ ಎಲ್ಲರನ್ನೂ ನೋಡಿದರು. ಆಮೇಲೆ ತೊಂಬತ್ತಕ್ಕೆ ಎರಡು ದಿನ ಕಡಿಮೆಯಾದ ಮುದುಕನಿಗೆ ಮಾತ್ರ ಸಲ್ಲುವ ಧಾರ್ಷ್ಟ್ಯದಿಂದ ಕೇಳಿಯೇಬಿಟ್ಟರು.

"ಏನು ಹುಡುಕ್ತಿದ್ದೀರಿ?"

ಕೊಕ್ಕರೆಗಳೂ ಸುಮ್ಮನಾದವು.

"ಉಂಗುರ" ಎಂದಳು ಸೈಮಿ, ಕೊನೆಗೆ.

"ಹಲ್ಲು" ಎಂದ ತಾವೆತ್ತಿ.

"ಮದ್ದುಗುಂಡು" ಎಂದ ರೌತಿಯೊ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಯಾರೋ, "ನಾನು ಬೆಕ್ಕು ಅಂದ್ಕೊಂಡಿದ್ದೆ" ಎಂದರು.

ತೌನೊ ಮುಂದೆ ಬಂದ. ಕೈಯಲ್ಲಿನ್ನೂ ಸೀಳು ಇತ್ತು. "ಮಾವ, ನಿಮ್ಮ ಕೊರಡನ್ನ ನಾನು ಯಂತ್ರಕ್ಕೆ ಕೊಟ್ಟು ಸೀಳಿಬಿಟ್ಟೆ. ಗೊತ್ತಿಲ್ಲದೆ. ಅದರ ಚೂರೇ ಹುಡುಕ್ತಿದ್ದದ್ದು. ಇವರಿಗೆ ಗೊತ್ತಿರಲಿಲ್ಲ."

"ಚೀಲ ತೆಗೆದವಳು ನಾನು ಅಪ್ಪ" ಎಂದಳು ಲೆಂಪಿ ಬಾಗಿಲಿನಿಂದ.

ಅಜ್ಜನ ಮುಖದಲ್ಲಿ ಒಂದು ಬಣ್ಣ ಬಂತು, ಒಂದು ಬಣ್ಣ ಹೋಯಿತು. "ಸಿಕ್ಕಿತಾ?" ಎಂದರು, ದನಿ ಸಣ್ಣದಾಗಿ.

"ಇಲ್ಲ ಮಾವ."

"ಎಲ್ಲವನ್ನೂ ನೋಡಿದಿರಾ?"

"ನಾನೇ ನೋಡಿದೀನಿ" ಎಂದು ತಾವೆತ್ತಿ ಎದ್ದು ನಿಂತ. ಅವನ ಬಡಗಿ ಬುದ್ಧಿ ಈಗ ಎಚ್ಚೆತ್ತಿತ್ತು. "ಹಲ್ಲು ಹುಡುಕಿದರೂ ಕಣ್ಣು ಮರ ನೋಡ್ತದೆ. ಇಲ್ಲಿರೋ ಒಂದ್ರಲ್ಲೂ ಸುರುಳಿ ಇಲ್ಲ. ಎಲ್ಲಾ ಬರೀ ಬರ್ಚು. ಕೊರಡು ಇದರಲ್ಲೇ ಇದೆ, ಸುರುಳಿ ಮಾತ್ರ ಇಲ್ಲ. ಅಂದ್ರೆ ಅಜ್ಜ, ಆ ಕೊರಡಲ್ಲಿ..."

"ಅಂದ್ರೆ ಯಂತ್ರ ಅದನ್ನ ಹಾಳುಮಾಡಿದೆ!" ಅಜ್ಜ ಊರುಗೋಲು ನೆಲಕ್ಕೆ ಕುಟ್ಟಿದರು. "ಎಷ್ಟು ಟನ್ನಯ್ಯ ಅದು?"

"ಆರು, ಮಾವ."

"ಆರು ಟನ್ನು! ಗುಂಗುರು ಕೂದಲನ್ನ ಕಬ್ಬಿಣದ ಬಾಚಣಿಗೆಯಲ್ಲಿ ಎಳೆದರೆ ಏನಾಗುತ್ತೆ, ಸೈಮಿ?"

"ನೆಟ್ಟಗಾಗುತ್ತೆ" ಎಂದಳು ಸೈಮಿ.

"ಕೊಡಲಿಯಾದರೆ ಮರದ ಮನಸ್ಸು ನೋಡಿ ಸೀಳುತ್ತೆ. ಇದು ಒತ್ತಿಬಿಡುತ್ತೆ. ಆರು ಟನ್ನು ಒತ್ತಿದರೆ ಸುರುಳಿ ನೆಟ್ಟಗಾಗದೆ ಇನ್ನೇನಾಗುತ್ತೆ? ನೀನೇ ಹೇಳು ತಾವೆತ್ತಿ. ನೀನು ಬಡಗಿ, ಯಂತ್ರ ಗೊತ್ತಿದ್ದವನು."

ತಾವೆತ್ತಿ ಬಾಯಿ ತೆರೆದ. ಒಂದು ಕಡೆ ಐವತ್ತು ವರ್ಷದ ಬಡಗಿತನ, ಇನ್ನೊಂದು ಕಡೆ ಆ ಕೆಂಪು ಯಂತ್ರ. ಎರಡನ್ನೂ ನೋಡಿದ. ಯಂತ್ರದ ಮೇಲಿನ ಸಿಟ್ಟು ಗೆದ್ದಿತು.

"ಬಂದ ಕೂಡಲೇ ನಾನು ಇದನ್ನೇ ಹೇಳಿದೆ!" ಎಂದು ಗರ್ಜಿಸಿದ. "ಗಾಣ ಅಂದೆ! ಕೇಳಿದರಾ ಯಾರಾದರೂ?"

ಹದಿನೆಂಟು ತಲೆಗಳು ನಿಧಾನವಾಗಿ ಆಡಿದವು. ರೌತಿಯೊ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡ. ಆಮೇಲೆ ಎಲ್ಲರೂ ಸೇರಿ ಒಂದು ಮಾತಿಲ್ಲದೆ ಒಂಬತ್ತು ಒಟ್ಟಿಲನ್ನೂ ತಿರುಗಿ ಒಟ್ಟಿಕೊಟ್ಟರು. ತೌನೊ ಒಟ್ಟಿದ್ದಕ್ಕಿಂತ ನೆಟ್ಟಗೆ. ಹೊರಡುವಾಗ ಒಬ್ಬೊಬ್ಬರೂ ತೌನೊನನ್ನು ಸಾವಿನ ಮನೆಯವನನ್ನು ನೋಡಿದಂತೆ ನೋಡಿ ಹೋದರು.

"ಲೆಂಪಿ" ಎಂದರು ಅಜ್ಜ, "ನಿನ್ನ ಗಂಡನಿಗೆ ಹೇಳು, ಸೌನಾ ಕಾಯಿಸಲಿ."

ತೌನೊ ಕಾಯಿಸಿದ. ಕಾಯಿಸುತ್ತ ಒಲೆಯ ಮುಂದೆ ಒಬ್ಬನೇ ಕೂತು ಮೂಗು ಒರೆಸಿಕೊಂಡ. ಹೊಗೆ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಸಂಜೆಯ ಬಿಸಿಲು ಸೌನಾದ ಕಿಟಕಿಯಲ್ಲಿ ಇನ್ನೂ ಹಳದಿಯಾಗಿತ್ತು. ಅಜ್ಜನನ್ನು ಕೆಳಗಿನ ಹಲಗೆಯ ಮೇಲೆ ಕೂರಿಸಿದ. ಬೇಡವೆಂದು ವೈದ್ಯರು ಹೇಳಿದ್ದರು. ವೈದ್ಯರು ಇಲ್ಲಿಲ್ಲವಲ್ಲ, ಎಂದರು ಅಜ್ಜ. ತೌನೊ ಕಾದ ಕಲ್ಲಿನ ಮೇಲೆ ನೀರು ಚೆಲ್ಲಿದ. ಚುಂಯ್ ಎಂದು ಹಬೆ ಎದ್ದು ಇಬ್ಬರನ್ನೂ ಮುಚ್ಚಿತು. ಮುಖ ಕಾಣದಷ್ಟು ಹಬೆಯಾದ ಮೇಲೆ ಅಜ್ಜ ಮಾತಾಡಿದರು.

"ಅದರಲ್ಲಿ ಸುರುಳಿ ಇರಲಿಲ್ಲ."

"ಗೊತ್ತು ಮಾವ. ಯಂತ್ರ..."

"ಯಂತ್ರ ಅಲ್ಲವೋ ಮಂಕೆ. ಮೊದಲೇ ಇರಲಿಲ್ಲ. ಸುರುಳಿ ಬರ್ಚನ್ನ ಕಡಿದ ಚಳಿಗಾಲವೇ ಮಾರಿಬಿಟ್ಟೆ, ಕರಾವಳಿಯಿಂದ ಬಂದ ಸಾಹುಕಾರನಿಗೆ. ಚೀಲಕ್ಕೆ ಗಂಟಿದ್ದ ಯಾವುದೋ ಒಂದು ಕೊರಡು ತುರುಕಿದೆ."

ತೌನೊನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಯಾಕೆ?"

ಒಂದೇ ದಿನದಲ್ಲಿ ಆ ಅಂಗಳದಲ್ಲಿ ಕೇಳಬಾರದ್ದನ್ನು ಕೇಳಿದ್ದು ಅದು ಎರಡನೆಯ ಸಲ. ಅಜ್ಜ ಹಬೆಯೊಳಗಿಂದಲೇ ಉತ್ತರ ಕೊಟ್ಟರು.

"ಮೋಟಾರು ಗರಗಸ ಕೊಂಡೆ."

"ನೀವಾ?"

"ಸರೋವರದ ಆಚೆ ಹುಲ್ಲು ಮನೆಯಲ್ಲಿ ಬಚ್ಚಿಟ್ಟಿದ್ದೆ. ಗಾಳಿ ಊರಿನಿಂದ ಆ ಕಡೆಗೆ ಬೀಸೋ ದಿನ ಮಾತ್ರ ಕಾಡಿಗೆ ಹೋಗ್ತಿದ್ದೆ. ಒಂದು ದಿನಕ್ಕೆ ಹತ್ತು ದಿನದ ಕೆಲಸ. ಆಮೇಲೆ ಒಂಬತ್ತು ದಿನ ಮರದ ಕೆಳಗೆ ಮಲಗಿರ್ತಿದ್ದೆ. ಕೈಗರಗಸದ ಆಬ್ರಾಮಿ ಅಂತ ಹೆಸರು ಬಂತು. ಒಂದು ಸಲ ಬಂದ ಮೇಲೆ ಹೇಗೆ ಬಿಡಲಿ?"

"ಎರಡು ದಿನದಿಂದ ನಾನು ನೆಟ್ಟಗೆ ಊಟ ಮಾಡಿಲ್ಲ ಮಾವ!"

"ನಾನು ನಲವತ್ತು ವರ್ಷದಿಂದ ನಿದ್ದೆ ಮಾಡಿಲ್ಲ. ಶನಿವಾರ ಕೊಯ್ತಾರೆ ಅಂತ ಗೊತ್ತಾದ ಮೇಲೆ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿದ್ದೇ ಮಾಡಿದ್ದು. ಹೇಗಾದರೂ ನಡೆದುಕೊಂಡು ಬಂದು ಅದನ್ನ ಸರೋವರಕ್ಕೆ ಎಸೆಯೋಣ ಅಂತ ಒಂದು ದಿನ ಮುಂಚೆ ಓಡಿ ಬಂದೆ. ನೋಡಿದ್ರೆ ನೀನು ಆಗಲೇ ಸೀಳಿಬಿಟ್ಟಿದ್ದೆ. ನನ್ನ ಸ್ವಂತ ಮಗನಿದ್ದರೂ ಇಷ್ಟು ಚೆನ್ನಾಗಿ ಮಾಡ್ತಿರಲಿಲ್ಲ."

ತೌನೊ ಸೌಟು ಎತ್ತಿಕೊಂಡ. ಮೆಲ್ಲಗೆ ಕೇಳಿದ. "ಆದರೆ ಮಾವ, ಇನ್ನು ಊರೆಲ್ಲ ನನ್ನನ್ನ ಬಯ್ಯುತ್ತೆ. ಸುರುಳಿ ನೆಟ್ಟಗೆ ಮಾಡಿದವನು ಅಂತ."

"ಬಯ್ಯುತ್ತೆ. ನಿನಗೆ ಅಭ್ಯಾಸ ಇದೆ ತೌನೊ, ನನಗಿಲ್ಲ. ನಡೆಸಿಕೊಂಡು ಹೋಗ್ತೀಯಾ?"

ಇನ್ನೊಬ್ಬನಾಗಿದ್ದರೆ ಯೋಚಿಸುತ್ತಿದ್ದ. ತೌನೊ ಮೂರನೆಯ ಸಲ ತನ್ನ ಹೆಸರು ಕೇಳಿದ ಸಂಭ್ರಮದಲ್ಲಿ, "ನಡೆಸ್ತೀನಿ ಮಾವ" ಎಂದು ಒಂದು ಬಕೆಟ್ಟಿನಷ್ಟು ನೀರನ್ನು ಒಮ್ಮೆಗೇ ಕಲ್ಲಿನ ಮೇಲೆ ಸುರಿದ. ಹಬೆಯ ಏಟಿಗೆ ಇಬ್ಬರೂ ತಲೆ ಬಗ್ಗಿಸಿ ಮಂಡಿಗೆ ಹಣೆ ತಾಗಿಸಿ ಕೂತರು. ಹಾಗೆ ಬಗ್ಗಿಕೊಂಡೇ ಅಜ್ಜ ಮತ್ತೆ ಶುರುಮಾಡಿದರು.

"ಇನ್ನೊಂದು ವಿಷಯ."

"ಹೇಳಿ ಮಾವ."

"ನನ್ನ ಮನೆಯ ಗೋಡೆ ಮೇಲೆ ಕರಡಿ ಚರ್ಮ ಇದೆಯಲ್ಲ. ಯೌವನದಲ್ಲಿ ಬರೀ ಚಾಕುವಲ್ಲಿ ಹೊಡೆದದ್ದು ಅಂತ ಪಾದ್ರಿಗಳಿಗೆಲ್ಲ ತೋರಿಸ್ತೀನಲ್ಲ."

"ಹೌದು."

"ಶನಿವಾರ ಜನ ಬರ್ತಾರೆ, ಚೊಕ್ಕಟ ಮಾಡಬೇಕು ಅಂತ ಲೆಂಪಿ ಅದನ್ನ ಇಳಿಸೋಕೆ ಹೋದರೆ, ನೀನು ಓಡಿ ಹೋಗಿ ಅಡ್ಡ ನಿಲ್ಲಬೇಕು."

"ಯಾಕೆ ಮಾವ?"

"ಹಿಂದುಗಡೆ ಅಂಗಡಿಯ ಬೆಲೆಚೀಟಿ ಇನ್ನೂ ಕಿತ್ತಿಲ್ಲ."